ಒಂದೇ ಕೊಟ್ಟಿಗೆ, ಒಂದೇ ಉಣುಗು: ಥೈಲೇರಿಯಾ ತಡೆಯುವ ಶಕ್ತಿ ವಂಶವಾಹಿಯಲ್ಲಿದೆಯೇ?

ಪ್ರಶ್ನೆ (ಹೈನುಗಾರ, ಮಂಡ್ಯ ಜಿಲ್ಲೆ):
ನಮ್ಮಲ್ಲಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಹಸುವೊಂದನ್ನೂ ಹಳ್ಳಿಕಾರ್ ಹಸುವೊಂದನ್ನೂ ಅಕ್ಕಪಕ್ಕದಲ್ಲೇ ಕಟ್ಟುತ್ತೇವೆ. ಕಳೆದ ತಿಂಗಳು ಮಿಶ್ರತಳಿಗೆ 106 ಡಿಗ್ರಿ ಜ್ವರ ಬಂದು, ಭುಜದ ಮುಂದಿನ ಗಂಟು ನಿಂಬೆಹಣ್ಣಿಗಿಂತ ದಪ್ಪವಾಗಿ ಊದಿಕೊಂಡಿತು. ವೈದ್ಯರು ಗಂಟಿಗೆ ಸೂಜಿ ಚುಚ್ಚಿ ತೆಗೆದ ರಸವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ನೋಡಿ, ಉಣುಗಿನಿಂದ ಹರಡುವ ಥೈಲೇರಿಯಾ ಎಂಬ ಪರಾವಲಂಬಿಯ ಸೋಂಕು ಎಂದರು. ಬ್ಯುಪರ್ವಕೋನ್ ಎಂಬ ಔಷಧಿ ಕೊಟ್ಟ ಮೇಲೆ ಚೇತರಿಸಿಕೊಂಡಿತು. ಹಳ್ಳಿಕಾರ್‌ನ ಕಿವಿಯಲ್ಲೂ ಉಣುಗು ಇದ್ದವು, ಆದರೆ ಅದು ಒಂದು ಹೊತ್ತೂ ಮೇವು ಬಿಡಲಿಲ್ಲ. ಇದು ಬೋಲಾ ಎಂಬ ವಂಶವಾಹಿಗಳ ವೈವಿಧ್ಯದ ಫಲವೇ? ಹೌದಾದರೆ, ಅದನ್ನು ನೋಡಿ ಹೋರಿಯ ವೀರ್ಯ ಆರಿಸಿಕೊಳ್ಳಬಹುದೇ?

ಉತ್ತರ 1 (ಪಶುವೈದ್ಯ):
ಬೋಲಾ ವಂಶವಾಹಿಗಳು ದನಗಳ 23ನೇ ವರ್ಣತಂತುವಿನಲ್ಲಿವೆ. ಪರಾವಲಂಬಿಯ ಪ್ರೋಟೀನಿನ ಚೂರುಗಳನ್ನು ರೋಗದೊಡನೆ ಹೋರಾಡುವ ಟಿ-ಕೋಶಗಳಿಗೆ (ಒಂದು ಬಗೆಯ ಬಿಳಿ ರಕ್ತಕಣ) ಎತ್ತಿ ತೋರಿಸುವುದು ಇವುಗಳ ಕೆಲಸ. ಇವುಗಳಲ್ಲಿ ಡಿಆರ್‌ಬಿ3 ಎಂಬುದಕ್ಕೆ ನೂರಾರು ರೂಪಗಳಿದ್ದರೂ ಒಂದು ಹಸುವಿನಲ್ಲಿ ಇರುವುದು ತಾಯಿಯಿಂದ ಒಂದು, ತಂದೆಯಿಂದ ಒಂದು, ಅಷ್ಟೇ. ಹಾಗಾಗಿ ವೈವಿಧ್ಯವೆಂಬುದು ಮುಖ್ಯವಾಗಿ ಹಿಂಡಿನ ಗುಣ. ಕೆಲವೇ ಹೋರಿಗಳ ವೀರ್ಯವನ್ನು ಊರಿಗೆಲ್ಲ ಹಂಚಿದರೆ ಅದು ಕುಗ್ಗುತ್ತದೆ.

ಉತ್ತರ 2 (ಸಂಶೋಧನಾ ವಿದ್ಯಾರ್ಥಿ):
ಮೇಲಿನ ಮಾತು ಸರಿ, ಆದರೆ ನಿಮ್ಮ ಎರಡು ಹಸುಗಳ ಅಂತರವನ್ನೆಲ್ಲ ಬೋಲಾದ ತಲೆಗೆ ಕಟ್ಟಲಾಗದು. ನಾಡತಳಿಯಾದ ಸಾಹಿವಾಲ್ ಮತ್ತು ಹೋಲ್‌ಸ್ಟೀನ್ ಕರುಗಳಿಗೆ, ನಮ್ಮಲ್ಲಿ ಕಾಣುವ ಥೈಲೇರಿಯಾ ಆನ್ಯುಲೇಟಾದ ಸೋಂಕು ತಗುಲಿಸಿ ನೋಡಿದಾಗ, ಸಾಹಿವಾಲ್‌ಗಳಿಗೂ ಸೋಂಕು ತಗುಲಿತು. ಆದರೆ ಅವುಗಳಲ್ಲಿ ಜ್ವರವೂ ಉರಿಯೂತದ ಪ್ರೋಟೀನುಗಳೂ ಕಡಿಮೆ ಇದ್ದು, ಅವು ತಾವಾಗಿಯೇ ಚೇತರಿಸಿಕೊಂಡವು. ಪರಾವಲಂಬಿ ಹೊಕ್ಕ ಬಿಳಿ ರಕ್ತಕಣಗಳು ಎಷ್ಟು ರೇಗುತ್ತವೆ ಎಂಬುದೇ ಅಲ್ಲಿ ನಿರ್ಣಾಯಕವೆನಿಸುತ್ತದೆ.

ಬೋಲಾದ ಪಾತ್ರ ನಿಚ್ಚಳವಾಗಿ ಕಾಣುವುದು ಪೂರ್ವ ಆಫ್ರಿಕಾದಲ್ಲಿ. ಅಲ್ಲಿನ ಥೈಲೇರಿಯಾ ಪಾರ್ವಾ ಸೋಂಕಿನಲ್ಲಿ, ಒಂದೊಂದು ಬೋಲಾ ರೂಪದ ದನ ಪರಾವಲಂಬಿಯ ಒಂದೊಂದು ಪ್ರೋಟೀನನ್ನು ಗುರಿಯಾಗಿಸುತ್ತದೆ. ಪರಾವಲಂಬಿಯ ಒಂದು ತಳಿಯಿಂದ ಬಂದ ರಕ್ಷಣೆ ಇನ್ನೊಂದರ ಎದುರು ನಿಲ್ಲದೆ ಹೋಗಬಹುದು. ಮುಗುಗಾ ಮಿಶ್ರಣವೆಂಬ ಲಸಿಕೆಯಲ್ಲಿ ಪರಾವಲಂಬಿಯ ಮೂರು ತಳಿಗಳನ್ನು ಬೆರೆಸುವುದು ಇದೇ ಕಾರಣಕ್ಕೆ. ಅದರಲ್ಲಿರುವುದು ಜೀವಂತ ಪರಾವಲಂಬಿಯಾದ್ದರಿಂದ, ರೋಗ ಉಲ್ಬಣಿಸದಂತೆ ಜೊತೆಗೆ ಆಕ್ಸಿಟೆಟ್ರಾಸೈಕ್ಲಿನ್ ಎಂಬ ಔಷಧಿಯನ್ನೂ ಕೊಡುತ್ತಾರೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಗುಣವಾದ ಹಸುವಿನ ರಕ್ತದಲ್ಲಿ ಈ ಪರಾವಲಂಬಿ ಇನ್ನೂ ಇರುತ್ತದೆಯೇ?

ಉತ್ತರ 1:
ಬಹಳಷ್ಟು ಸಲ ಇರುತ್ತದೆ, ಉಣುಗು ಅಲ್ಲಿಂದಲೇ ಅದನ್ನು ಮುಂದಿನ ಹಸುವಿಗೆ ಒಯ್ಯುತ್ತದೆ. ವೀರ್ಯದ ಆಯ್ಕೆಗೆ ಬೋಲಾ ಪರೀಕ್ಷೆಯನ್ನು ನಾನಂತೂ ಹೇಳಲಾರೆ. ಸದ್ಯಕ್ಕೆ ಕೊಟ್ಟಿಗೆಯ ಗೋಡೆಯ ಬಿರುಕುಗಳನ್ನು ಮುಚ್ಚಿಸಿ, ಏಕೆಂದರೆ ಈ ರೋಗ ಹರಡುವ ಹಯಲೋಮಾ ಜಾತಿಯ ಉಣುಗು ಮೊಟ್ಟೆಯಿಡುವುದು ಅಲ್ಲೇ. ಮಿಶ್ರತಳಿಯ ಕರುಗಳಿಗೆ ಲಸಿಕೆ ಸಿಗುವುದೇ ಎಂದು ವಿಚಾರಿಸಿ.