ಅಪ್‌ಡೇಟ್: ಮಾಜಿ ಹವಾಲ್ದಾರರ ಮಗಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ

ಮೊದಲು ಕೇಳಿದ್ದು ಇದು: ಅಪ್ಪ ಹವಾಲ್ದಾರರಾಗಿ ನಿವೃತ್ತರು, ಮಗಳು ಬಿಇ ಮೊದಲ ವರ್ಷ, ಮಾಜಿ ಸೈನಿಕರ ಮಕ್ಕಳಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಈ ವಿದ್ಯಾರ್ಥಿವೇತನ ಸಿಗುತ್ತದೆಯೇ? ಅರ್ಜಿ ಹಾಕಿ ಆಯಿತು. ಉತ್ತರ ಹೀಗಿದೆ.

ಪಿಯುಸಿಯಲ್ಲಿ 60% ಬೇಕು. ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500 ರೂಪಾಯಿ. ವರ್ಷದ್ದು ಒಟ್ಟಿಗೇ ಬರುತ್ತದೆ. ಮೊದಲ ವರ್ಷದಲ್ಲೇ ಅರ್ಜಿ ಹಾಕಬೇಕು, ಎರಡನೇ ವರ್ಷಕ್ಕೆ ಮುಂದೂಡಿದರೆ ಅವಕಾಶ ಹೋಯಿತು. ಲ್ಯಾಟರಲ್ ಎಂಟ್ರಿಯವರಿಗೆ (ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರಿಗೆ) ವಿನಾಯಿತಿ ಇದೆ.

ಅರ್ಜಿ ಆನ್‌ಲೈನ್. ಆದರೆ ಓಡಾಟ ಮೂರು ಕಡೆ: ಮಾಜಿ ಸೈನಿಕರ ಪ್ರಮಾಣಪತ್ರಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಸಹಿ, ಬೋನಾಫೈಡ್‌ಗೆ (ಅಲ್ಲೇ ಓದುತ್ತಿರುವ ಪ್ರಮಾಣಪತ್ರಕ್ಕೆ) ಕಾಲೇಜಿನದು, ಖಾತೆಯ ಪತ್ರಕ್ಕೆ ಬ್ಯಾಂಕಿನದು. ಖಾತೆ ವಿದ್ಯಾರ್ಥಿಯ ಹೆಸರಿನಲ್ಲೇ ಇರಲಿ, ಆಧಾರ್ ಜೋಡಣೆಯಾಗಿರಲಿ.

ನಮ್ಮ ಕಡೆಯವರು ಎಡವುವುದು ಇನಿಷಿಯಲ್‌ನಲ್ಲಿ. ಅಂಕಪಟ್ಟಿಯಲ್ಲಿ ‘ಕಾವ್ಯ ಎಂ’, ಸೇನಾ ದಾಖಲೆಯಲ್ಲಿ ‘ಕಾವ್ಯ ಮಂಜುನಾಥ’ ಎಂದಿದ್ದರೆ ಅರ್ಜಿ ವಾಪಸ್ ಬರಬಹುದು. ಡಿಸ್‌ಚಾರ್ಜ್ ಪುಸ್ತಕದಲ್ಲಿ (ಸೇನೆ ಬಿಡುವಾಗ ಕೊಡುವ ದಾಖಲೆಯಲ್ಲಿ) ಮಕ್ಕಳ ಹೆಸರು, ಜನ್ಮದಿನಾಂಕ ಸರಿಯಿದೆಯೇ ಎಂದು ಇವತ್ತೇ ತೆರೆದು ನೋಡಿ. ತಿದ್ದುಪಡಿ ಸೇನೆಯ ರೆಕಾರ್ಡ್ ಆಫೀಸಿನಿಂದಲೇ ಆಗಬೇಕು, ಅದಕ್ಕೆ ಸಮಯ ಹಿಡಿಯುತ್ತದೆ.

ನವೀಕರಣಕ್ಕೆ ಪ್ರತಿ ವರ್ಷ ಕನಿಷ್ಠ 50% ಬೇಕು. ಸೆಮಿಸ್ಟರ್ ಅಂಕಪಟ್ಟಿಗಳನ್ನು ಬಂದ ಹಾಗೆ ಸ್ಕ್ಯಾನ್ ಮಾಡಿಡಿ.