ಹಕಾರದ ಪದಗಳಿಗೆ ಬಾಗೇಪಲ್ಲಿಯ ದಾರಿ

ಗುಂಪಿನ ಎಲ್ಲರಿಗೂ ನಮಸ್ಕಾರ. ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳ ಭಾನುವಾರದ ಕನ್ನಡ ತರಗತಿಯಲ್ಲಿ ಪದದಾಟ ಆಡಿಸಹೊರಟರೆ ಕೊಟ್ಟ ಅಕ್ಷರಕ್ಕೆ ಪದಗಳೇ ಹೊಳೆಯುವುದಿಲ್ಲ, ಹೊಳೆದರೂ ಮಕ್ಕಳು ಎಂದೂ ಕೇಳದ ಪದಗಳಾಗಿರುತ್ತವೆ ಎಂದು ಇಲ್ಲಿ ಒಬ್ಬ ತಾಯಿ ಬರೆದಿದ್ದರು. ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವಳು. ಕಳೆದ ಬೇಸಿಗೆ ರಜೆಯಲ್ಲಿ ಒಂಬತ್ತು ವರ್ಷದ ಮಗಳೊಡನೆ ಊರಿನಲ್ಲಿದ್ದಾಗ ಕಂಡುಕೊಂಡ ಒಂದು ದಾರಿಯನ್ನು ಇಲ್ಲಿ ವಿವರವಾಗಿ ಹೇಳಬೇಕೆನಿಸಿದೆ.

ಆ ದಿನ ಸಂಜೆ ಕರೆಂಟು ಹೋಗಿತ್ತು. ಜಗಲಿಯ ಮೇಲೆ ಮಕ್ಕಳೆಲ್ಲ ಸೇರಿ ಹೆಸರು-ಊರು-ಪ್ರಾಣಿ-ವಸ್ತು ಆಟಕ್ಕೆ ಕುಳಿತಾಗ ಬಂದ ಅಕ್ಷರ ಹ. ಮಗಳು ಪ್ರಾಣಿಯ ಕೆಳಗೆ ಏನನ್ನೂ ಬರೆಯಲಾಗದೆ ಅಜ್ಜಿಯ, ಅಂದರೆ ನನ್ನ ಅಮ್ಮನ, ಮುಖ ನೋಡಿದಳು. ನಮ್ಮ ಕಡೆಯ ಅನೇಕ ಮನೆಗಳಂತೆ ನಮ್ಮ ಮನೆಯಲ್ಲೂ ಕನ್ನಡ, ತೆಲುಗು ಎರಡೂ ಬೆರೆತೇ ಇರುತ್ತವೆ. ಅಮ್ಮ ಯೋಚಿಸುವ ಮೊದಲೇ ಅವರ ಬಾಯಿಂದ ಬಂದದ್ದು 'ಪುಲಿ', ಆಮೇಲೆ 'ಪಾಮು', 'ಪಂದಿ'. ಇವು ತೆಲುಗು, ಲೆಕ್ಕಕ್ಕಿಲ್ಲ ಎಂದು ನನ್ನ ಅಣ್ಣನ ಮಗ ತಕರಾರು ತೆಗೆದ. ಅವನ್ನು ಕಾಗದದ ಮೇಲೆ ಸಾಲಾಗಿ ಬರೆದು ಎದುರಿಗೆ ಹುಲಿ, ಹಾವು, ಹಂದಿ ಎಂದು ನಾನು ಬರೆದಾಗ ಮಕ್ಕಳಿಗೆ ವಿಷಯ ತಾನಾಗಿಯೇ ಕಂಡಿತು. ಪಾಲು ಎಂದರೆ ಹಾಲು, ಪುವ್ವು ಎಂದರೆ ಹೂವು, ಪಂಡು ಎಂದರೆ ಹಣ್ಣು ಎಂದು ಅವರೇ ಮುಂದುವರಿಸಿದರು. ಹಾಗಾದರೆ ಆಂಧ್ರದ ಗಡಿಯ ಕಡೆಯ ಊರಾದ ಬಾಗೇಪಲ್ಲಿಯನ್ನು ಬಾಗೇಹಳ್ಳಿ ಎನ್ನಬಹುದಲ್ಲವೇ ಎಂದು ಮಗಳು ಕೇಳಿದಳು.

ಹಳಗನ್ನಡದಲ್ಲಿಯೂ ಇವು ಪಾಲ್, ಪುಲಿ, ಪೂ ಎಂದೇ ಇದ್ದವು; ಕಾಲಕ್ರಮದಲ್ಲಿ ಕನ್ನಡದಲ್ಲಿ ಪದದ ಮೊದಲ ಪಕಾರ ಹಕಾರಕ್ಕೆ ತಿರುಗಿತು, ತೆಲುಗು ತಮಿಳುಗಳಲ್ಲಿ ಹಾಗೆಯೇ ಉಳಿಯಿತು. ಆದ್ದರಿಂದಲೇ ನಮ್ಮ ಅಚ್ಚಕನ್ನಡದ ಅಡುಗೆಮನೆ, ಕೊಟ್ಟಿಗೆ, ಹೊಲಗಳ ಪದಗಳು ಹಕಾರದಲ್ಲಿ ರಾಶಿ ಬಿದ್ದಿವೆ, ಪಕಾರದಲ್ಲಿ ಹೆಚ್ಚಾಗಿ ಪುಸ್ತಕ, ಪರೀಕ್ಷೆ, ಪ್ರಯಾಣದಂತಹ ಸಂಸ್ಕೃತದ ಪದಗಳು ಸಿಗುತ್ತವೆ. ಮಕ್ಕಳಿಗೆ ಮೊದಲು ಕೊಡಬೇಕಾದ ಅಕ್ಷರ ಅಕ್ಷರಮಾಲೆಯ ಕ್ರಮದಲ್ಲಿ ಬರುವುದಕ್ಕಿಂತ ಹೀಗೆ ಮನೆಯ ಪದಗಳು ತುಂಬಿರುವ ಅಕ್ಷರವಾಗಿರಲಿ ಎಂಬುದು ನನ್ನ ಬಲವಾದ ಅಭಿಪ್ರಾಯ. ಬಕಾರವೂ ಅಂತಹುದೇ. ಕೋಲಾರದ ಚಿನ್ನದ ಗಣಿಯ ಕಡೆಯಿಂದ ಬಂದ, ತಮಿಳು ಬಲ್ಲವರು ನಮ್ಮ ಗುಂಪಿನಲ್ಲಿದ್ದಾರೆ; ಅವರ ವಾಯ್, ವಿಲ್, ವೇಲಿಗಳು ನಮ್ಮ ಬಾಯಿ, ಬಿಲ್ಲು, ಬೇಲಿಗಳಾಗಿರುವುದನ್ನು ಅವರು ಮಕ್ಕಳಿಗೆ ನನಗಿಂತ ಚೆನ್ನಾಗಿ ತೋರಿಸಬಲ್ಲರು.

ಈ ದಾರಿಯಿಂದ ಕಾಗುಣಿತಕ್ಕೂ ಉಪಕಾರವಾಗುತ್ತದೆ. ಊರಿನ ಮಾತಿನಲ್ಲಿ ಪದದ ಮೊದಲ ಹಕಾರ ಅನೇಕರ ಬಾಯಲ್ಲಿ ನಿಲ್ಲುವುದಿಲ್ಲ, ಹಣ್ಣು 'ಅಣ್ಣು' ಆಗುತ್ತದೆ, ಹಾಲು 'ಆಲು' ಆಗುತ್ತದೆ. ಹೊರದೇಶದಲ್ಲಿ ಬೆಳೆಯುವ ಮಗು ಕನ್ನಡವನ್ನು ಕಿವಿಯಿಂದಲೇ ಕಲಿಯುವುದರಿಂದ ಅದನ್ನು ಅಕಾರದ ಪಟ್ಟಿಯಲ್ಲಿ ಬರೆದುಬಿಡುತ್ತದೆ. ಆಗ ತೆಲುಗಿನಲ್ಲಿ ಏನು ಎಂದು ಕೇಳಿದರೆ ಸಾಕು. ಪಂಡು ಎಂದರೆ ಇಲ್ಲಿ ಹಕಾರವಿದೆ. ಅಣ್ಣನಿಗೆ ತೆಲುಗಿನಲ್ಲಿಯೂ ಅನ್ನ ಎನ್ನುವುದರಿಂದ, ಆರು ಎಂಬ ಸಂಖ್ಯೆ ಅಲ್ಲಿಯೂ ಆರು ಆಗಿರುವುದರಿಂದ, ಅವೆರಡೂ ಸ್ವರದಲ್ಲಿಯೇ ಇರಬೇಕು.

ಣ, ಳ ಅಕ್ಷರಗಳಿಂದ ಕನ್ನಡದಲ್ಲಿ ಪದ ಆರಂಭವಾಗುವುದಿಲ್ಲ. ಅವಕ್ಕಾಗಿ ಮಕ್ಕಳನ್ನು ಕಾಡಿಸದೆ, ನಡುವೆ ಬರುವ ಪದ ಹೇಳಿ ಎಂದರೆ ಬೆಣ್ಣೆ, ಕಣ್ಣು, ಬಾಳೆ ಬರುತ್ತವೆ. ಇನ್ನು, ಇಂಗ್ಲಿಷಿನ ಸ್ಕ್ರ್ಯಾಬಲ್ ಬಿಲ್ಲೆಗಳಂತೆ ಕನ್ನಡಕ್ಕೂ ಮಾಡೋಣ ಎಂದವರಿಗೆ ಒಂದು ಮಾತು: 34 ವ್ಯಂಜನಗಳಿಗೆ 13 ಸ್ವರಗಳು ಕೂಡಿದರೆ 442 ಗುಣಿತಾಕ್ಷರಗಳಾಗುತ್ತವೆ, ಒತ್ತಕ್ಷರಗಳು ಬೇರೆ. ಆದ್ದರಿಂದ ಚಿಕ್ಕವರಿಗೆ ಕ ಎಂದರೆ ಕಾ, ಕಿ, ಕು ಎಲ್ಲವೂ ಸಲ್ಲಲಿ, ದೊಡ್ಡವರಿಗೆ ಕೊಟ್ಟ ಗುಣಿತವೇ ಬೇಕೆಂದಿರಲಿ.

ರಕಾರದಲ್ಲಿ ಅಚ್ಚಕನ್ನಡದ ಪದಗಳು ವಿರಳ. ರೇಷ್ಮೆ ಎಂಬ ಪದವೇ ಪಾರಸಿಯಿಂದ ಬಂದದ್ದು, ಆದರೆ ರೇಷ್ಮೆಗೇ ಹೆಸರಾದ ಶಿಡ್ಲಘಟ್ಟದಲ್ಲಿ ನಿಂತು ಅದನ್ನು ಪರದೇಶಿ ಪದ ಎನ್ನಲು ನನಗೆ ಮನಸ್ಸು ಬಾರದು. ಹುಳು ಸಾಕುವ ಮನೆಯಲ್ಲಿ ಒಂದು ದಿನ ಕಳೆದುದರಿಂದಲೇ ನನ್ನ ಮಗಳ ಪಟ್ಟಿ ಬೆಳೆಯಿತು: ಹಕಾರಕ್ಕೆ ಹಿಪ್ಪುನೇರಳೆ, ಗಕಾರಕ್ಕೆ ಗೂಡು, ಚಕಾರಕ್ಕೆ ಹುಳು ಗೂಡು ಕಟ್ಟಲೆಂದು ಬಿಡುವ, ಬಿದಿರಿನಿಂದ ಹೆಣೆದ ಚಂದ್ರಿಕೆ. ಹುಳು ಪೊರೆ ಕಳಚುವ ಮೊದಲು ಮೇವು ಬಿಟ್ಟು ಸುಮ್ಮನಿರುವುದನ್ನು ಜ್ವರ ಎನ್ನುತ್ತಾರೆ, ಗೂಡು ಕಟ್ಟುವ ಹೊತ್ತಿಗೆ ಹುಳು ಹಣ್ಣಾಯಿತು ಎನ್ನುತ್ತಾರೆ. ಈ ಎರಡು ಪದಗಳೂ ಅವಳಿಗೆ ಮೊದಲೇ ಗೊತ್ತಿದ್ದವು, ಅವುಗಳ ಈ ಅರ್ಥ ಮಾತ್ರ ಹೊಸದು. ನಾಲ್ಕು ಜ್ವರ ಕಳೆದ ಹುಳುವನ್ನು ಕೈಯಲ್ಲಿಟ್ಟುಕೊಂಡು ನೋಡಿದ ಮಗು ಆ ಪದವನ್ನು ಮರೆಯುವುದಿಲ್ಲ.

ನಿಘಂಟು ಬೇಕೆನ್ನುವವರು 1894ರಲ್ಲಿ ಪ್ರಕಟವಾದ ಕಿಟ್ಟೆಲರ ಕೋಶವನ್ನು ತೆರೆಯಬಹುದು, ಅನೇಕ ಪದಗಳ ಪಕ್ಕದಲ್ಲಿಯೇ ತೆಲುಗು, ತಮಿಳು ರೂಪಗಳೂ ಇವೆ. ಆದರೆ ಮೊದಲು ಊರಿಗೆ ಫೋನು ಮಾಡಿಸಿ ಎಂದು ಕೇಳಿಕೊಳ್ಳುತ್ತೇನೆ. ನನ್ನ ಮಗಳು ವಾರಕ್ಕೊಂದು ಸಲ ಅಜ್ಜಿಯಿಂದ ಐದು ಪದ ಕೇಳಿ ಎರಡು ಸಾಲಿನಲ್ಲಿ ಬರೆದುಕೊಳ್ಳುತ್ತಾಳೆ. ಕಳೆದ ವಾರ ಹುರುಳಿಗೆ ತೆಲುಗಿನಲ್ಲಿ ಪಕಾರದ ಪದವನ್ನೇ ನಿರೀಕ್ಷಿಸಿದ್ದವಳಿಗೆ ಅಜ್ಜಿ 'ಉಲವಲು' ಎಂದರಂತೆ. ಅದರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದಾಳೆ.