ರಾತ್ರಿ ಹೊತ್ತು ಒಂದೇ ವಿಡಿಯೊ ತಾಣ ನಿಧಾನ: ಇದು ನೆಟ್ ನ್ಯೂಟ್ರಾಲಿಟಿಯ ಉಲ್ಲಂಘನೆಯೇ?

ಪ್ರಶ್ನೆ:
ನಮ್ಮ ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ರಾತ್ರಿ ಒಂಬತ್ತರ ನಂತರ ಒಂದು ವಿಡಿಯೊ ತಾಣ ಮಾತ್ರ ತಡೆತಡೆದು ಓಡುತ್ತದೆ. ಅದೇ ಹೊತ್ತಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಪ್ಲಾನ್‌ನಲ್ಲಿ ಹೇಳಿದ 100 ಎಂಬಿಪಿಎಸ್ ಪೂರ್ತಿ ಕಾಣಿಸುತ್ತದೆ. ವಿಪಿಎನ್ (ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಗುಪ್ತವಾಗಿ ಸಾಗಿಸುವ ವ್ಯವಸ್ಥೆ) ಹಾಕಿದರೆ ಆ ತಾಣವೂ ಸರಾಗವಾಗುತ್ತದೆ. ಕಂಪನಿಯವರು ಬೇಕೆಂದೇ ವೇಗ ತಗ್ಗಿಸುತ್ತಿದ್ದಾರೆಂದು ಇದರಿಂದ ಹೇಳಬಹುದೇ? ಎಲ್ಲ ತಾಣಗಳನ್ನೂ ಸಮನಾಗಿ ಕಾಣಬೇಕೆಂಬ ನೆಟ್ ನ್ಯೂಟ್ರಾಲಿಟಿಯ ತತ್ವದಂತೆ ನಮ್ಮ ಕಾನೂನು ಅದನ್ನು ತಡೆಯುತ್ತದೆಯೇ?

ಉತ್ತರ 1:
ತಡೆಯುತ್ತದೆ, ಆದರೆ ಎಲ್ಲರ ನೆನಪಿಗೆ ಬರುವ ನಿಯಮ ಇಲ್ಲಿ ಅನ್ವಯಿಸುವುದಿಲ್ಲ. ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್ (ಕೆಲವು ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ಯೋಜನೆ) ವಿವಾದದ ಬಳಿಕ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಫೆಬ್ರುವರಿ 8ರಂದು ಹೊರಡಿಸಿದ ನಿಯಮಾವಳಿ ದರಕ್ಕೆ ಸಂಬಂಧಿಸಿದ್ದು: ಯಾವ ತಾಣ ನೋಡುತ್ತೀರಿ ಎಂಬುದರ ಮೇಲೆ ಡೇಟಾ ದರ ಬದಲಿಸಿದರೆ ದಿನಕ್ಕೆ 50,000 ರೂಪಾಯಿಯಂತೆ, ಗರಿಷ್ಠ 50 ಲಕ್ಷದವರೆಗೆ ದಂಡ. ವೇಗದ ಮಾತು ಬಂದದ್ದು 2018ರಲ್ಲಿ. ಆಗ ದೂರಸಂಪರ್ಕ ಇಲಾಖೆಯು ಟ್ರಾಯ್ ಶಿಫಾರಸಿನಂತೆ ಪರವಾನಗಿಯ ಷರತ್ತುಗಳನ್ನೇ ತಿದ್ದಿ, ನಿರ್ದಿಷ್ಟ ವಿಷಯವನ್ನು ತಡೆಹಿಡಿಯುವುದು, ಅದರ ಗುಣಮಟ್ಟ ಕೆಡಿಸುವುದು, ವೇಗ ತಗ್ಗಿಸುವುದು, ಇನ್ನೊಂದಕ್ಕೆ ಆದ್ಯತೆ ಕೊಡುವುದು ಇವೆಲ್ಲವನ್ನೂ ನಿಷೇಧಿಸಿತು. ದಟ್ಟಣೆಯ ಸಮಂಜಸ ನಿರ್ವಹಣೆಗೆ, ತುರ್ತು ಸೇವೆಗೆ, ನ್ಯಾಯಾಲಯ ಅಥವಾ ಸರ್ಕಾರದ ಆದೇಶಕ್ಕೆ ವಿನಾಯಿತಿ ಉಂಟು. ಡೇಟಾ ಮಿತಿ ಮುಗಿದ ಮೇಲೆ ಎಲ್ಲ ತಾಣಗಳಿಗೂ ಒಂದೇ ರೀತಿ ವೇಗ ಇಳಿಸುವುದು ತಾರತಮ್ಯವಲ್ಲ.

ಉತ್ತರ 2:
ಕಾನೂನು ಸರಿ, ಸಾಕ್ಷ್ಯ ಸಾಲದು. ಸ್ಪೀಡ್ ಟೆಸ್ಟ್‌ನ ಸರ್ವರ್ ಅನೇಕ ವೇಳೆ ಕಂಪನಿಯ ಜಾಲದೊಳಗೇ ಇರುತ್ತದೆ. ಹಾಗಿದ್ದರೆ ನಿಮ್ಮ 100 ಎಂಬಿಪಿಎಸ್ ಕಂಪನಿಯ ಬಾಗಿಲವರೆಗಿನ ವೇಗ, ಅಷ್ಟೇ. ಅಲ್ಲಿಂದ ವಿಡಿಯೊ ತಾಣದ ಜಾಲಕ್ಕೆ ಇರುವ ಕೊಂಡಿ ರಾತ್ರಿ ತುಂಬಿಹೋದರೂ ಇದೇ ಲಕ್ಷಣ ಕಾಣುತ್ತದೆ, ವಿಪಿಎನ್ ಬೇರೆ ದಾರಿ ಹಿಡಿಯುವುದರಿಂದ ಅದರಲ್ಲಿ ತೊಂದರೆ ಕಾಣುವುದಿಲ್ಲ. ಬೆಳಗಿನ ಜಾವ ಐದಕ್ಕೆ ವಿಪಿಎನ್ ಇಲ್ಲದೆ ನೋಡಿ. ಚೆನ್ನಾಗಿ ಓಡಿದರೆ ದಟ್ಟಣೆಯ ಸಾಧ್ಯತೆಯೇ ಹೆಚ್ಚು. ಆಗಲೂ ಆ ತಾಣವೊಂದೇ ಮೇಲೇಳದಿದ್ದರೆ ನಿಮ್ಮ ಅನುಮಾನಕ್ಕೆ ಬಲ ಬರುತ್ತದೆ.

ಉತ್ತರ 3:
ದಟ್ಟಣೆ ಎಂದಮಾತ್ರಕ್ಕೆ ಕಂಪನಿಯನ್ನು ಬಿಟ್ಟುಬಿಡಲು ನಾನು ಒಪ್ಪುವುದಿಲ್ಲ. ಕೊಂಡಿ ತುಂಬಿದೆಯೆಂದು ಗೊತ್ತಿದ್ದೂ ವಿಸ್ತರಿಸದೆ ಕೈಕಟ್ಟಿ ಕುಳಿತರೆ ಗ್ರಾಹಕನ ಪಾಡು ಅದೇ ತಾನೆ? ಹೊರಗಿನಿಂದ ಇದನ್ನು ಪತ್ತೆಹಚ್ಚುವುದು ಕಷ್ಟ. ಉಸ್ತುವಾರಿಗೆ ಬಹುಪಕ್ಷೀಯ ಸಂಸ್ಥೆಯೊಂದು ಬೇಕೆಂದು ಟ್ರಾಯ್ 2020ರಲ್ಲೇ ಶಿಫಾರಸು ಮಾಡಿತ್ತು. ಒಬ್ಬೊಬ್ಬ ಗ್ರಾಹಕರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲವಾದ್ದರಿಂದ ಮೊದಲು ಕಂಪನಿಯಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ, ಆಮೇಲೆ ಅದರ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ದೂರಸಂಪರ್ಕ ಸೇವೆಯ ದೂರುಗಳನ್ನು ಅದು ಆಲಿಸಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ರಾತ್ರಿ ಮತ್ತು ಬೆಳಗಿನ ಜಾವ, ಎರಡೂ ಹೊತ್ತಿನ ಟ್ರೇಸ್‌ರೂಟ್ (ತಾಣದವರೆಗೆ ಡೇಟಾ ಸಾಗುವ ದಾರಿ ತೋರಿಸುವ ಪರೀಕ್ಷೆ) ಫಲಿತಾಂಶವನ್ನು ದಿನಾಂಕ, ವೇಳೆ ಸಮೇತ ಈಗಿನಿಂದಲೇ ಉಳಿಸಿಟ್ಟುಕೊಳ್ಳಿ.